ಹಳದಿ ಯಂತ್ರದ ಮೋಹ

ಊರಿನಲ್ಲಿ ಎಲ್ಲಿಯಾದರೂ ಮಣ್ಣು ಅಗೆಯುವ ಯಂತ್ರವೊಂದು ಬಂದು ನಿಂತಿತೆಂದರೆ ಹತ್ತು ನಿಮಿಷಗಳೊಳಗೆ ಅದರ ಸುತ್ತ ಒಂದು ಸಭೆ ಸೇರುತ್ತದೆ. ಆ ಸಭೆಗೆ ಕರೆಯೋಲೆ ಇಲ್ಲ, ಅಧ್ಯಕ್ಷರಿಲ್ಲ, ವಂದನಾರ್ಪಣೆಯೂ ಇಲ್ಲ. ಶಾಲೆಯಿಂದ ಮರಳುವ ಮಕ್ಕಳು ಚೀಲವನ್ನು ಬೆನ್ನಿನಿಂದ ಇಳಿಸದೆಯೇ ನಿಲ್ಲುತ್ತಾರೆ. ಡೈರಿಗೆ ಹಾಲು ಕೊಂಡೊಯ್ಯುವವರು ಕ್ಯಾನನ್ನು ನೆಲದ ಮೇಲಿಡುತ್ತಾರೆ. ನಿವೃತ್ತ ಮೇಷ್ಟರು ಕೊಡೆಯ ಮೇಲೆ ಭಾರ ಹಾಕಿ, ತಾವು ಬೇರೆಯೇ ಕೆಲಸಕ್ಕೆ ಹೊರಟಿದ್ದೇವೆಂಬ ಮುಖಭಾವದಿಂದ ಅರ್ಧ ಗಂಟೆ ಕಳೆಯುತ್ತಾರೆ. 2019ರಲ್ಲಿ ಈ ನೋಟಕರನ್ನು ಕುರಿತು ದೇಶವಿಡೀ ನಗೆಯಾಡಿತು. ನಾವು ಆ ನಗೆಯಲ್ಲಿ ಭಾಗಿಯಾಗಲಿಲ್ಲ. ಕಾರಣವಿಷ್ಟೆ: ಆ ಸಭೆಯ ಹಳೆಯ ಸದಸ್ಯರಲ್ಲಿ ನಾವೂ ಒಬ್ಬರು.

ಧರ್ಮಗುರುಗಳಿಗೆ ಇದೆಂಥ ಹವ್ಯಾಸವೆಂದು ಕೆಲವರು ಕೇಳಿದ್ದುಂಟು. ಅಂಚೆಚೀಟಿ ಸಂಗ್ರಹವೋ ಸಂಗೀತವೋ ಆಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ತತ್ವಶಾಸ್ತ್ರದ ಮೊದಲ ಪಾಠವೇ ವಿಸ್ಮಯವೆಂದು ಗುರುಮಠದಲ್ಲಿ ನಮಗೆ ಕಲಿಸಲಾಯಿತು. ವಿಸ್ಮಯವನ್ನು ಕುರಿತು ಬರೆಯುವಾಗ ಅರಿಸ್ಟಾಟಲನು ಕೊಡುವ ಉದಾಹರಣೆಗಳಲ್ಲಿ ಒಂದು, ತಾನಾಗಿಯೇ ಚಲಿಸುವ ಗೊಂಬೆ. ಅಂಥ ಗೊಂಬೆಯನ್ನು ನೋಡಿ ಇದು ಹೇಗೆ ಚಲಿಸುತ್ತದೆಂದು ಬೆರಗಾಗುವಲ್ಲಿಂದ ಕಾರಣದ ಹುಡುಕಾಟ ಆರಂಭವಾಗುತ್ತದೆ ಎಂಬುದು ಅವನ ವಾದದ ಸಾರ. ಗ್ರೀಕರ ಗೊಂಬೆಗೆ ಬೆರಗಾಗುವುದು ತತ್ವಜ್ಞಾನವಾದರೆ, ಏಳೆಂಟು ಟನ್ ತೂಕದ ಕಬ್ಬಿಣವೊಂದು ತನ್ನ ಕೈಯನ್ನು ಮಡಚಿ, ಚಾಚಿ, ಬೊಗಸೆ ತುಂಬಿಕೊಳ್ಳುವುದನ್ನು ಕಂಡು ಬೆರಗಾಗುವುದು ಸೋಮಾರಿತನ ಹೇಗಾದೀತು?

ನಮ್ಮ ಬಾಲ್ಯ ಕಳೆದದ್ದು ಘಟ್ಟದ ಬುಡದ ಹಳ್ಳಿಯೊಂದರಲ್ಲಿ, 1970ರ ದಶಕದಲ್ಲಿ. ನಾವು ಮೊದಲು ಕಂಡ ಯಂತ್ರ ರಸ್ತೆಯ ರೋಲರು. ವಾಸ್ತವವಾಗಿ ಎರಡು ರೋಲರುಗಳಿದ್ದವು. ಒಂದು ಕಲ್ಕತ್ತೆಯ ಜೆಸ್ಸೊಪ್ ಕಂಪೆನಿಯ ಡೀಸೆಲ್ ರೋಲರು. ಜಲ್ಲಿಯ ಮೇಲೆ ಹಿಂದೆ ಮುಂದೆ ನಡೆಯುತ್ತ ಮನೆಯ ಪಾತ್ರೆಗಳನ್ನೆಲ್ಲ ನಡುಗಿಸುತ್ತಿತ್ತು. ಇನ್ನೊಂದು, ಅದಕ್ಕಿಂತ ಎಷ್ಟೋ ಹಿಂದಿನದು, ರಸ್ತೆ ಬದಿಯ ಪೊದೆಯಲ್ಲಿ ಬಳ್ಳಿ ಹಬ್ಬಿಸಿಕೊಂಡು ಬಿದ್ದಿದ್ದ ಉಗಿ ರೋಲರು. ಉದ್ದ ಚಿಮಣಿ, ಹೊಟ್ಟೆಯಂತಹ ಬಾಯ್ಲರು, ಮುಂದಿನ ಉರುಳೆಯನ್ನು ತಿರುಗಿಸಲು ಸರಪಳಿ. ಅದರ ಹಣೆಯ ಮೇಲೆ ಹಿಂಗಾಲುಗಳ ಮೇಲೆ ಎದ್ದು ನಿಂತ ಒಂದು ಕುದುರೆಯ ಚಿತ್ರವಿತ್ತು. ಅದು ಇಂಗ್ಲೆಂಡಿನ ಕೆಂಟ್ ಪ್ರಾಂತದ ಲಾಂಛನವೆಂದೂ, ಅದೇ ಪ್ರಾಂತದ ರಾಚೆಸ್ಟರ್ ಪಟ್ಟಣದ ಏವ್ಲಿಂಗ್ ಅಂಡ್ ಪೋರ್ಟರ್ ಕಂಪೆನಿ ತನ್ನ ರೋಲರುಗಳಿಗೆ ಆ ಕುದುರೆಯನ್ನು ಜಡಿಯುತ್ತಿತ್ತೆಂದೂ ನಾವು ತಿಳಿದದ್ದು ಎಷ್ಟೋ ವರ್ಷಗಳ ಅನಂತರ. ಬಾಲ್ಯದಲ್ಲಿ ಅದು ನಮಗೆ ಬರೇ ಒಂದು ಕುದುರೆ. ಅಷ್ಟು ಭಾರದ ಕಬ್ಬಿಣಕ್ಕೆ ಒಂದೇ ಕುದುರೆ ಸಾಕಾದೀತೇ ಎಂಬುದು ನಮ್ಮ ಸಂದೇಹ.

ಆಮೇಲೆ ಬಂದದ್ದು ಕುದುರೆಮುಖದ ಕೆಲಸ. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪೆನಿ ಸ್ಥಾಪನೆಯಾಯಿತು. ಅದಿರನ್ನು ನೀರಿನೊಡನೆ ಬೆರೆಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟದ ಮೇಲಿಂದ ಪಣಂಬೂರಿನ ಬಂದರಿಗೆ ಹರಿಸುವ ಯೋಜನೆ ಅದು. ಈ ಸಾಹಸಕ್ಕೆ ಹಣ ಒದಗಿಸಲು ಒಪ್ಪಿದ್ದ ಇರಾನಿನಲ್ಲಿ 1979ರಲ್ಲಿ ಕ್ರಾಂತಿಯಾಗಿ, ಅದಿರು ಕೊಳ್ಳಬೇಕಾದವರೇ ಹಿಂದೆ ಸರಿದದ್ದು ಬೇರೆ ಕಥೆ. ನಮ್ಮ ಪಾಲಿಗೆ ಮುಖ್ಯವಾದದ್ದು ಆ ಕೊಳವೆಗಾಗಿ ತೋಡಿದ ಕಾಲುವೆ. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಮೊದಲು ಕೆಲವು ವಾರ ಗುದ್ದಲಿ, ಹಾರೆ, ಬುಟ್ಟಿಗಳಿಂದ ಕೆಲಸ ನಡೆಯಿತು. ಗಂಡಸರು ಅಗೆದರು, ಹೆಂಗಸರು ಹೊತ್ತರು. ಅವರಲ್ಲೊಬ್ಬಾಕೆ ನಮ್ಮ ಮನೆಗೆ ಮಜ್ಜಿಗೆಗಾಗಿ ಬರುತ್ತಿದ್ದಳು. ಅವಳ ಮಗುವಿನ ಜೋಲಿಯನ್ನು ಹಲಸಿನ ಮರದ ಕೊಂಬೆಗೆ ಕಟ್ಟಿದ್ದರು. ಒಂದು ದಿನ ಲಾರಿಯೊಂದು ಅಗೆಯುವ ಯಂತ್ರವನ್ನು ತಂದು ಇಳಿಸಿತು.

ಅದನ್ನು ನಡೆಸುತ್ತಿದ್ದವರು ಉತ್ತರದ ಕಡೆಯ, ಪೇಟ ಸುತ್ತಿದ ಓರ್ವ ವ್ಯಕ್ತಿ. ನೆರೆಮನೆಯ ಬಾವಿಯ ಕಟ್ಟೆಗೆ ತಾಗಿ ಒಂದು ಬಂಡೆ ಉರುಳಿ ನಿಂತಿತ್ತು. ಅವರು ಯಂತ್ರದ ಕೈಯನ್ನು ಮೆಲ್ಲಗೆ ಚಾಚಿ, ಬಕೆಟ್ಟಿನ ಹಲ್ಲುಗಳನ್ನು ಬಂಡೆಯ ಅಡಿಗೆ ಸೇರಿಸಿ, ಕಟ್ಟೆಯ ಗಾರೆಯ ಒಂದು ಚೂರೂ ಉದುರದಂತೆ ಅದನ್ನು ಎತ್ತಿ ಬೇರೆಡೆಗೆ ಇಟ್ಟರು. ತಾಯಿಯೊಬ್ಬಳು ನಿದ್ದೆಹೋದ ಮಗುವನ್ನು ಚಾಪೆಯಿಂದ ಎತ್ತುವಂತೆ, ಎಂದು ಬರೆದರೆ ಅತಿಶಯೋಕ್ತಿಯೆನ್ನಬಾರದು. ಬಲವೂ ನಯವೂ ಒಂದೇ ಕೈಯಲ್ಲಿರಬಹುದೆಂಬುದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ಎರಡು ದಿನ ಶಾಲೆಗೆ ತಡವಾಗಿ ಹೋಗಿ ಪೆಟ್ಟು ತಿಂದೆವು. ಮೂರನೆಯ ದಿನ ನೋಡಿದಾಗ ಹಲಸಿನ ಮರದಲ್ಲಿ ಜೋಲಿ ಇರಲಿಲ್ಲ. ಅಗೆಯುವವರ ಗುಂಪು ಬೇರೆ ಕಡೆಗೆ ಹೋಗಿದೆಯೆಂದು ದೊಡ್ಡವರು ಹೇಳಿದರು. ಎಲ್ಲಿಗೆಂದು ಯಾರಿಗೂ ತಿಳಿದಿರಲಿಲ್ಲ.

ಯಂತ್ರದ ಬಲದ ಗುಟ್ಟು ನಮಗೆ ತಿಳಿದದ್ದು ವಿಚಿತ್ರ ದಾರಿಯಲ್ಲಿ. ಗುರುಮಠದ ಪಠ್ಯದಲ್ಲಿ ಬ್ಲೇಸ್ ಪಾಸ್ಕಲನಿದ್ದ. 1623ರಲ್ಲಿ ಹುಟ್ಟಿ 1662ರಲ್ಲಿ, 39ನೆಯ ವಯಸ್ಸಿಗೇ ತೀರಿಹೋದ ಈ ಫ್ರೆಂಚ್ ಕಥೋಲಿಕ ಚಿಂತಕನನ್ನು ನಾವು ದೇವರ ಅಸ್ತಿತ್ವದ ಕುರಿತಾದ ಅವನ ಪ್ರಸಿದ್ಧ ಪಣದ ವಾದಕ್ಕಾಗಿ ಓದುತ್ತಿದ್ದೆವು. ಅದೇ ಪಾಸ್ಕಲನು ದ್ರವಗಳ ಸಮತೋಲನದ ಮೇಲೆ ಒಂದು ಕಿರುಗ್ರಂಥ ಬರೆದಿದ್ದಾನೆಂದೂ, ಅದು ಅವನ ಮರಣಾನಂತರ 1663ರಲ್ಲಿ ಅಚ್ಚಾಯಿತೆಂದೂ ಗ್ರಂಥಾಲಯದಲ್ಲಿ ಸಿಕ್ಕ ಹಳೆಯ ಸಂಪುಟವೊಂದು ತಿಳಿಸಿತು. ಅದರಲ್ಲಿ ಅವನು ಒಂದು ಪಾತ್ರೆಯನ್ನು ಕಲ್ಪಿಸಿಕೊಳ್ಳಲು ಹೇಳುತ್ತಾನೆ. ಸುತ್ತಲೂ ಮುಚ್ಚಿದ, ನೀರು ತುಂಬಿದ ಪಾತ್ರೆ. ಅದಕ್ಕೆ ಎರಡೇ ಬಾಯಿಗಳು. ಒಂದು ಬಾಯಿ ಇನ್ನೊಂದರ ನೂರು ಪಟ್ಟು ದೊಡ್ಡದು. ಎರಡಕ್ಕೂ ಬಿಗಿಯಾದ ಬೆಣೆಗಳನ್ನು ಕೂರಿಸಿ ಚಿಕ್ಕ ಬೆಣೆಯನ್ನು ಒಬ್ಬ ಮನುಷ್ಯ ಒತ್ತಿದರೆ, ದೊಡ್ಡ ಬೆಣೆಯನ್ನು ಒತ್ತುವ ನೂರು ಮಂದಿಗೆ ಅವನೊಬ್ಬನೇ ಸರಿಸಮನಾಗುತ್ತಾನೆ. ತೊಂಬತ್ತೊಂಬತ್ತು ಮಂದಿಯಿದ್ದರೆ ಅವರನ್ನು ಸೋಲಿಸುತ್ತಾನೆ.

ಓದುಗರು ಈ ಮಾತನ್ನು ಒಂದು ಕ್ಷಣ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇಂದಿನ ಯಂತ್ರದ ಹಳದಿ ಕೈಯ ಬದಿಯಲ್ಲಿ ಹೊಳೆಯುವ ಉಕ್ಕಿನ ದಂಡಗಳು ಕೊಳವೆಯೊಳಗಿಂದ ಹೊರಬಂದು ಒಳಹೋಗುವುದನ್ನು ಎಲ್ಲರೂ ಕಂಡಿದ್ದಾರೆ. ಡೀಸೆಲ್ ಎಂಜಿನು ಒಂದು ಪಂಪನ್ನು ತಿರುಗಿಸುತ್ತದೆ. ಪಂಪು ಎಣ್ಣೆಯನ್ನು ಒತ್ತಡದಿಂದ ಆ ಕೊಳವೆಗಳಿಗೆ ನೂಕುತ್ತದೆ. ಎಣ್ಣೆ ದಂಡವನ್ನು ತಳ್ಳುತ್ತದೆ. ಕಾರಿನ ಚಕ್ರಕ್ಕೆ ನಾವು ತುಂಬಿಸುವ ಗಾಳಿಯ ಒತ್ತಡಕ್ಕಿಂತ ಇಲ್ಲಿನ ಒತ್ತಡ ಸುಮಾರು ನೂರು ಪಟ್ಟು ಹೆಚ್ಚು. ಲೆಕ್ಕ ಹಾಕಿ ನೋಡೋಣ. ಚದರ ಸೆಂಟಿಮೀಟರಿಗೆ 200 ಕಿಲೋಗ್ರಾಂ ಒತ್ತಡವೆಂದಿಟ್ಟುಕೊಳ್ಳಿ. ಬೆಣೆಯ ವಿಸ್ತಾರ 100 ಚದರ ಸೆಂಟಿಮೀಟರು, ಅಂದರೆ ಮನೆಯ ಟೀ ಸಾಸರಿನಷ್ಟೂ ಇಲ್ಲ. ಅದರ ಮೇಲೆ ಬೀಳುವ ಬಲ 20,000 ಕಿಲೋಗ್ರಾಂ, ಇಪ್ಪತ್ತು ಟನ್ನು! ಆದರೆ ಪ್ರಕೃತಿ ಯಾವುದನ್ನೂ ಬಿಟ್ಟಿಯಾಗಿ ಕೊಡುವುದಿಲ್ಲ. ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ತೆರಬೇಕು. ಚಿಕ್ಕ ಬೆಣೆ ನೂರು ಅಂಗುಲ ಇಳಿದರೆ ದೊಡ್ಡದು ಏರುವುದು ಒಂದೇ ಅಂಗುಲ. ಯಂತ್ರದ ಕೈಗೆ ಆ ಗಾಂಭೀರ್ಯ, ಆ ಆನೆಯ ನಡಿಗೆ ಬಂದಿರುವುದು ಅದರಿಂದಲೇ.

ಪಾಸ್ಕಲನ ತತ್ವ ಕೈಗೆ ಬರಲು ಕಾಲ ಹಿಡಿಯಿತು. 1795ರಲ್ಲಿ ಜೋಸೆಫ್ ಬ್ರಾಮಾ ಎಂಬ ಇಂಗ್ಲಿಷ್ ಕುಶಲಕರ್ಮಿ ಅದರಿಂದ ಒತ್ತುಯಂತ್ರ ಮಾಡಿದ. ಮಣ್ಣಗೆಯುವ ಯಂತ್ರ ಮಾತ್ರ ಮೊದಲು ಉಗಿಯಿಂದ, ಸರಪಳಿ ಹಗ್ಗಗಳಿಂದ ನಡೆಯಿತು. ಅಮೆರಿಕದ ವಿಲಿಯಂ ಓಟಿಸ್ ಎಂಬ ತರುಣನಿಗೆ ಉಗಿ ಸಲಿಕೆಯ ಹಕ್ಕುಪತ್ರ ದೊರೆತದ್ದು 1839ರಲ್ಲಿ. ಅದೇ ವರ್ಷ ಅವನು ಇಪ್ಪತ್ತಾರರ ಹರೆಯದಲ್ಲಿ ಕಣ್ಮುಚ್ಚಿದ. ಅವನ ಯಂತ್ರ ಕೆಲವು ದಶಕ ಮೂಲೆಯಲ್ಲಿತ್ತೆಂದರೆ ತಪ್ಪಾಗದು. ಏಕೆಂದರೆ ಅಮೆರಿಕದ ಕಾಲುವೆಗಳನ್ನೂ ರೈಲುದಾರಿಗಳನ್ನೂ ತೋಡಲು ಐರ್ಲೆಂಡಿನಿಂದ ಹಡಗು ಹತ್ತಿ ಬಂದ ಬಡವರಿದ್ದರು, ಹೆಚ್ಚಿನವರು ನಮ್ಮವರೇ, ಕಥೋಲಿಕರು. ಮನುಷ್ಯನ ಬೆನ್ನು ಕಬ್ಬಿಣಕ್ಕಿಂತ ಅಗ್ಗವಾಗಿದ್ದಷ್ಟು ಕಾಲ ಕಬ್ಬಿಣಕ್ಕೆ ಬೇಡಿಕೆ ಇರಲಿಲ್ಲ. ಮುಂದೆ ಪನಾಮಾ ಕಾಲುವೆಯ ಕಾಲಕ್ಕೆ ಪರಿಸ್ಥಿತಿ ಬದಲಾಗಿತ್ತು. 1906ರ ನವೆಂಬರಿನಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅಲ್ಲಿಗೆ ಹೋದಾಗ ಬ್ಯುಸೈರಸ್ ಕಂಪೆನಿಯ 95 ಟನ್ನಿನ ಉಗಿ ಸಲಿಕೆಯೊಂದನ್ನು ಹತ್ತಿ ಕುಳಿತು ಚಿತ್ರ ತೆಗೆಸಿಕೊಂಡರು. ಕೊಡೆಯ ಮೇಷ್ಟರನ್ನು ನಾವು ಕ್ಷಮಿಸಬಹುದು.

ನಮ್ಮ ಊರಿನಲ್ಲಿ ಇಂದು ಇಂಥ ಎಲ್ಲ ಯಂತ್ರಗಳಿಗೂ ಒಂದೇ ಹೆಸರು, ಜೆಸಿಬಿ. ಯಾವ ಕಂಪೆನಿಯದಾದರೂ ಸರಿ, ಯಾವ ಬಣ್ಣದ್ದಾದರೂ ಸರಿ. ಈ ಮೂರು ಅಕ್ಷರಗಳು ಒಬ್ಬ ಮನುಷ್ಯನ ಹೆಸರೆಂದು ಅನೇಕರಿಗೆ ತಿಳಿಯದು. ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ 1916ರಲ್ಲಿ ಇಂಗ್ಲೆಂಡಿನ ಅಟಾಕ್ಸಿಟರ್ ಪಟ್ಟಣದಲ್ಲಿ, ಮತಸುಧಾರಣೆಯ ಕಾಲದ ಕಿರುಕುಳವನ್ನೂ ತಾಳಿಕೊಂಡು ಉಳಿದ ಹಳೆಯ ಕಥೋಲಿಕ ಮನೆತನದಲ್ಲಿ ಹುಟ್ಟಿದವರು. ಓದಿದ್ದು ಯೇಸುಸಭೆಯ ಗುರುಗಳು ನಡೆಸುವ ಸ್ಟೋನಿಹರ್ಸ್ಟ್ ಶಾಲೆಯಲ್ಲಿ. ಮನೆತನಕ್ಕೆ ಕೃಷಿ ಉಪಕರಣಗಳ ಕಾರ್ಖಾನೆಯಿತ್ತು. ಇವರು ಅದನ್ನು ಬಿಟ್ಟು ಹೊರಬಂದರು. 1945ರ ಅಕ್ಟೋಬರ್ 23ರಂದು, ತಮ್ಮ ಹಿರಿಯ ಮಗ ಹುಟ್ಟಿದ ದಿನವೇ, 12 ಅಡಿ ಅಗಲ 15 ಅಡಿ ಉದ್ದದ ಒಂದು ಬಾಡಿಗೆ ಕೊಟ್ಟಿಗೆಯಲ್ಲಿ ಕೆಲಸ ಆರಂಭಿಸಿದರು. ಮಹಾಯುದ್ಧದಲ್ಲಿ ಮಿಕ್ಕ ಸಾಮಗ್ರಿಯಿಂದ ಒಂದು ಟ್ರೈಲರ್ ಬೆಸೆದು 45 ಪೌಂಡಿಗೆ ಮಾರಿದರು. ಜತೆಗೆ ಕೊಂಡವನ ಹಳೆಯ ಗಾಡಿಯೊಂದನ್ನೂ ಪಡೆದು, ಅದನ್ನು ದುರಸ್ತಿ ಮಾಡಿ ಮತ್ತೆ 45 ಪೌಂಡಿಗೆ ಮಾರಿದರು. ನಾರ್ವೆಯಲ್ಲಿ ಕಂಡ ಹಿಂಬದಿಯಿಂದ ಅಗೆಯುವ ಸಲಕರಣೆಯಿಂದ ಪ್ರೇರಿತರಾಗಿ 1953ರಲ್ಲಿ ತಮ್ಮ ಮೊದಲ ಅಗೆಯುವ ಯಂತ್ರ ಹೊರತಂದರು. ಮುಂದೆ ಸಲಿಕೆ, ಹಿಂದೆ ಗುದ್ದಲಿ, ನಡುವೆ ಟ್ರ್ಯಾಕ್ಟರು! ಅಷ್ಟು ಸರಳ.

ಅವರ ಬಗ್ಗೆ ನಮಗೆ ಮೆಚ್ಚಿಕೆಯಾದದ್ದು ಇನ್ನೊಂದು ಸಣ್ಣ ಸಂಗತಿ. 1960ರ ದಶಕದ ಒಂದು ಮಾದರಿಯಲ್ಲಿ ಚಾಲಕನ ಕೋಣೆಯಲ್ಲೇ ಚಹಾ ಕಾಯಿಸಿಕೊಳ್ಳಲು ವಿದ್ಯುತ್ ಸಂಪರ್ಕವನ್ನೂ ಕೆಟಲನ್ನೂ ಕೊಟ್ಟರು. ಯಂತ್ರ ಕೊಳ್ಳುವವನು ಗುತ್ತಿಗೆದಾರ, ಆದರೆ ದಿನವಿಡೀ ಅದರೊಳಗೆ ಕುಳಿತು ಬೆವರುವವನು ಬೇರೆ ಎಂಬುದನ್ನು ಅವರು ಮರೆತಿರಲಿಲ್ಲ. ವ್ಯಾಪಾರದ ಜಾಣತನವೂ ಅದರಲ್ಲಿತ್ತೆಂದು ಯಾರಾದರೂ ಹೇಳಿದರೆ ನಾವು ವಾದಿಸುವುದಿಲ್ಲ. ಬ್ಯಾಮ್‌ಫೋರ್ಡ್ 2001ರ ಮಾರ್ಚಿನಲ್ಲಿ ತೀರಿಹೋದರು. ಭಾರತದಲ್ಲಿ ಅವರ ಯಂತ್ರಗಳು 1979ರಿಂದ, ಎಸ್ಕಾರ್ಟ್ಸ್ ಕಂಪೆನಿಯ ಸಹಭಾಗಿತ್ವದಲ್ಲಿ, ಹರಿಯಾಣದ ಬಲ್ಲಭಗಢದಲ್ಲಿ ತಯಾರಾಗತೊಡಗಿದವು. ಅದಕ್ಕೂ ಮೊದಲೇ ನಮ್ಮ ರಾಜ್ಯದಲ್ಲಿ 1964ರಲ್ಲಿ ಭಾರತ್ ಅರ್ತ್ ಮೂವರ್ಸ್ ಹುಟ್ಟಿತ್ತು. ಜಪಾನಿನ ಕೊಮಾತ್ಸು ಕಂಪೆನಿಯ ತಂತ್ರಜ್ಞಾನದಿಂದ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬುಲ್ಡೋಜರುಗಳು ತಯಾರಾದವು. ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಬುಲ್ಡೋಜರುಗಳ ಕಾರ್ಖಾನೆ ಉಳಿಯಿತು.

ಈಗ ಪಾಸ್ಕಲನ ತೊಂಬತ್ತೊಂಬತ್ತು ಮಂದಿಯ ಕಡೆಗೆ ಬರೋಣ. ಸುವಾರ್ತೆಯ ಕುರುಬನು ತೊಂಬತ್ತೊಂಬತ್ತನ್ನು ಬಿಟ್ಟು ಕಳೆದುಹೋದ ಒಂದನ್ನು ಹುಡುಕಿಕೊಂಡು ಹೋದ. ಇಲ್ಲಿ ಲೆಕ್ಕ ತಿರುಗಿದೆ: ಒಬ್ಬನು ಯಂತ್ರದ ಕೋಣೆಯಲ್ಲಿ ಕ್ಷೇಮವಾಗಿ ಕುಳಿತಿದ್ದಾನೆ, ಕಳೆದುಹೋದವರು ತೊಂಬತ್ತೊಂಬತ್ತು. ಹಲಸಿನ ಮರದಲ್ಲಿ ಜೋಲಿ ಕಟ್ಟಿದ್ದವಳು ಅವರಲ್ಲಿ ಒಬ್ಬಳು. ಬಾವಿ ತೋಡುವುದನ್ನೇ ಕುಲಕಸುಬಾಗಿ ಮಾಡಿಕೊಂಡು ಬಂದವರು, ಕೆಂಪುಕಲ್ಲನ್ನು ಕೈಯಿಂದ ಕಡಿದು ಗೋಡೆಗೆ ಒದಗಿಸುತ್ತಿದ್ದವರು, ನಮ್ಮ ಹಳೆಯ ಚರ್ಚುಗಳ ಅಡಿಪಾಯಕ್ಕೆ ಮಣ್ಣು ಹೊತ್ತವರು, ಇವರೆಲ್ಲ ಆ ಲೆಕ್ಕದಲ್ಲಿದ್ದಾರೆ. ಹಾಗೆಂದು ಗುದ್ದಲಿಯ ಕಾಲವನ್ನು ಹೊಗಳಿ ಹಾಡುವವರ ಜತೆ ನಾವು ಸೇರುವುದಿಲ್ಲ. ಆ ಹೊಗಳಿಕೆ ಸಾಮಾನ್ಯವಾಗಿ ಗುದ್ದಲಿ ಹಿಡಿಯದವರಿಂದಲೇ ಬರುತ್ತದೆ. ಐವತ್ತಕ್ಕೇ ಬಾಗಿಹೋದ ಬೆನ್ನುಗಳನ್ನು, ಬುಟ್ಟಿ ಹೊತ್ತು ನೆತ್ತಿಯ ಕೂದಲು ಸವೆದ ತಾಯಂದಿರನ್ನು ನಮ್ಮ ಧರ್ಮಕೇಂದ್ರಗಳಲ್ಲಿ ಕಂಡಿದ್ದೇವೆ. ತಮ್ಮ ಮಕ್ಕಳಿಗೂ ಅದೇ ಬುಟ್ಟಿ ಇರಲೆಂದು ಹಾರೈಸಿದ ಒಬ್ಬರನ್ನೂ ಕಂಡಿಲ್ಲ.

ಎರಡನೆಯ ಜಾನ್ ಪೌಲರು 1981ರಲ್ಲಿ ದುಡಿಮೆಯನ್ನು ಕುರಿತು ಬರೆದ ವಿಶ್ವಪತ್ರದಲ್ಲಿ ತಂತ್ರಜ್ಞಾನವು ಮನುಷ್ಯನ ಮಿತ್ರನೆಂದು ಒಪ್ಪಿಕೊಂಡು, ಅದೇ ಮಿತ್ರನು ಅವನ ಸ್ಥಾನವನ್ನು ಕಸಿದುಕೊಂಡಾಗ ಬಹುಪಾಲು ಶತ್ರುವೇ ಆಗುತ್ತಾನೆಂದು ಎಚ್ಚರಿಸಿದರು. ಪುಸ್ತಕದ ಮಾತಲ್ಲ ಅದು. ಯುದ್ಧಕಾಲದ ಪೋಲೆಂಡಿನಲ್ಲಿ, 1940ರಲ್ಲಿ, ಆ ತರುಣ ಕ್ರಾಕೋವಿನ ಬಳಿಯ ಸುಣ್ಣಕಲ್ಲಿನ ಗಣಿಯಲ್ಲಿ ಕೂಲಿಯಾಗಿ ದುಡಿದವರು.

ಇನ್ನೊಂದು ಚಿಂತೆ ನೆಲದ್ದು. ಬಾಲ್ಯದಲ್ಲಿ ನಾವು ಬೆರಗಿನಿಂದ ನೋಡಿದ ಆ ಕೊಳವೆಯ ಕಥೆ ಮುಗಿಯಿತು. 2002ರ ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಡಿಸೆಂಬರಿನ ಕೊನೆಗೆ ಕುದುರೆಮುಖದ ಗಣಿಗಾರಿಕೆ ನಿಂತಿತು. ಗುದ್ದಲಿಗೆ ಗುಡ್ಡವೊಂದನ್ನು ಕರಗಿಸಲು ಒಂದು ತಲೆಮಾರು ಬೇಕಾಗುತ್ತಿತ್ತು, ಅಷ್ಟರಲ್ಲಿ ಯೋಚಿಸಲು ಸಮಯ ಸಿಗುತ್ತಿತ್ತು. ಯಂತ್ರಕ್ಕೆ ಒಂದು ಬೇಸಿಗೆ ಸಾಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದಾಗಿ ಕತ್ತರಿಸಿದ್ದ ಗುಡ್ಡ ಮಳೆಗೆ ಜರಿದು ಮನುಷ್ಯರನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ನೂಕಿತು. ಆ ಮಣ್ಣನ್ನು ಬಗೆದು ಹುಡುಕಲು ಬಂದದ್ದೂ ಅದೇ ಹಳದಿ ಕೈಗಳು. ನದಿಯ ತಳದಿಂದ ಕೇರಳದ ಲಾರಿಯೊಂದನ್ನು ಎತ್ತಲು ಸೆಪ್ಟೆಂಬರ್ ಬರಬೇಕಾಯಿತು. ಗುಡ್ಡದ ಅಂಚನ್ನು ಎಷ್ಟು ಓರೆಯಾಗಿ, ಎಷ್ಟು ಮೆಟ್ಟಿಲುಗಳಾಗಿ ಕಡಿಯಬೇಕೆಂಬುದು ಯಂತ್ರಕ್ಕೆ ಗೊತ್ತಿಲ್ಲ. ಅದನ್ನು ಕಾಗದದ ಮೇಲೆ ಬರೆಯುವವರಿಗೆ ಗೊತ್ತಿರಬೇಕು. ಒಂದು ಲಾರಿ ಮಣ್ಣಿನ ಬೆಲೆಗಾಗಿ ಹಿತ್ತಿಲ ಗುಡ್ಡವನ್ನು ಮಾರುವ ನಮ್ಮ ಕುಟುಂಬಗಳಿಗೂ ಗೊತ್ತಿರಬೇಕು.

ತಾಯಿತಂದೆಯರಿಗೆ ಒಂದು ಮಾತು. ಮಗು ಯಂತ್ರದ ಮುಂದೆ ನಿಂತರೆ ಕೈಹಿಡಿದು ಎಳೆಯಬೇಡಿ. ನಿಲ್ಲುವ ಜಾಗವನ್ನು ಮಾತ್ರ ನೀವೇ ಆರಿಸಿ: ಯಂತ್ರದ ಕೈ ಪೂರ್ತಿ ಚಾಚಿದರೆ ತಲಪುವ ದೂರಕ್ಕಿಂತ ಹಲವು ಹೆಜ್ಜೆ ಹಿಂದೆ, ಚಾಲಕನಿಗೆ ಕಾಣುವಂತೆ, ಹೊಸದಾಗಿ ತೋಡಿದ ಗುಂಡಿಯ ಅಂಚಿನಿಂದ ದೂರ. ಯಂತ್ರವು ಅಗೆಯುವ ಮೊದಲು ಎರಡು ಕಬ್ಬಿಣದ ಕಾಲುಗಳನ್ನು ಕೆಳಗಿಳಿಸಿ ನೆಲವನ್ನು ಒತ್ತಿಕೊಳ್ಳುವುದನ್ನು ತೋರಿಸಿ, ಏಕೆಂದು ಕೇಳಿ. ಉತ್ತರ ಮಗುವಿಗೆ ಸಿಗುತ್ತದೆ, ತುಸು ಕಾಯಬೇಕು.

ನಾವು ಹಿಂದೆ ಇದ್ದ ಧರ್ಮಕೇಂದ್ರವೊಂದರಲ್ಲಿ ಹತ್ತನೆಯ ತರಗತಿ ಮುಗಿಸಿದ ಹುಡುಗನೊಬ್ಬ ತಾನು ಇಂಥ ಯಂತ್ರ ನಡೆಸುವುದನ್ನೇ ಕಲಿಯುವೆನೆಂದು ಹಠ ಹಿಡಿದ. ಅವನ ತಾಯಿ ಕಣ್ಣೀರಿಡುತ್ತ ಗುರುನಿವಾಸಕ್ಕೆ ಬಂದರು. ಅಜ್ಜ ಮಣ್ಣು ಹೊತ್ತವರು, ಅಪ್ಪ ಗಾರೆ ಕೆಲಸದವರು. ಇವನಾದರೂ ಮೇಜಿನ ಮುಂದೆ ಕುಳಿತು ಬರೆಯುವ ಕೆಲಸಕ್ಕೆ ಹೋಗಬೇಕು, ಮತ್ತೆ ಮಣ್ಣಿಗೇ ಇಳಿಯುವುದೇ ಎಂಬುದು ಅವರ ಸಂಕಟ. ಅವರ ಮಾತಿನಲ್ಲಿ ಮೂರು ತಲೆಮಾರುಗಳ ನೋವಿತ್ತು, ಅದನ್ನು ತಳ್ಳಿಹಾಕುವಂತಿರಲಿಲ್ಲ. ತರಬೇತಿ ಕೊಡುವ ಸಂಸ್ಥೆಗೆ ಸೇರಿಸಿ, ಪರವಾನಗಿಯಿಲ್ಲದೆ ಯಾರ ಯಂತ್ರವನ್ನೂ ಮುಟ್ಟಬಾರದು, ರಾತ್ರಿ ಕಳ್ಳತನದಲ್ಲಿ ಮರಳು ತುಂಬುವವರ ಕೆಲಸಕ್ಕೆ ಹೋಗಬಾರದು ಎಂಬ ಎರಡು ಕರಾರು ಹಾಕಿ ಎಂದೆವು. ತಾಯಿ ಒಪ್ಪಿದರು, ಸಂತೋಷದಿಂದಲ್ಲ.

ಈಗ ಅವನು ಕೊಲ್ಲಿ ದೇಶವೊಂದರಲ್ಲಿ ಇಪ್ಪತ್ತು ಟನ್ನಿನ ಯಂತ್ರ ನಡೆಸುತ್ತಾನೆ. ರಜೆಯಲ್ಲಿ ಬಂದಾಗ ನಮ್ಮನ್ನು ಕಾಣಲು ಬಂದಿದ್ದ. ಆವರಣದ ಆಚೆ ಯಾರದೋ ಯಂತ್ರ ಅಗೆಯುತ್ತಿತ್ತು. ಮಾತಿನ ನಡುವೆ ಕಿವಿಗೊಟ್ಟು, ಅದರ ಪಂಪು ಸವೆದಿದೆ, ಎಣ್ಣೆ ಬದಲಿಸಿಲ್ಲ ಎಂದ. ನಾವು ಅರ್ಧ ಗಂಟೆ ಅದರ ಮುಂದೆ ನಿಂತೆವು. ಕೊನೆಗೆ ಅವನು ಚಾಲಕನಿಗೆ ಕೈಮಾಡಿ ಯಂತ್ರ ನಿಲ್ಲಿಸಲು ಹೇಳಿ, ಅಂಗಿಯ ತೋಳು ಮಡಚಿಕೊಂಡು, ಬಾನೆಟ್ಟಿನ ಕೆಳಗೆ ತಲೆ ಹಾಕಿದ.